ಎಮರ್ಜೆನ್ಸಿಗೆ ಮುಂಚಿನ ಫ್ಲಾಟು

ಮೊದಲು ವಾಸ್ತವಾಂಶಗಳು. ಊರು ಡಬ್ಲಿನ್, ಅದರಲ್ಲೂ ನಟ್ಟನಡುವೆ. ಕಟ್ಟಡ ಎರಡನೆಯ ಮಹಾಯುದ್ಧಕ್ಕೂ ಹಿಂದಿನದು. ಫ್ಲಾಟು ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕೆಳಗೆ ಪಬ್, ಎದುರಿಗೆ ಬಸ್ ಸ್ಟಾಪ್. ಮಾರುವವರು ಒಬ್ಬ ಐರಿಷ್ ಅಜ್ಜಿ. ಕೊಳ್ಳುವವರು ನಾನು ಮತ್ತು ನನ್ನ ಅಕ್ಕ. ನಾವು ಬಾಡಿಗೆಗಿದ್ದ ಮನೆಯನ್ನು ಬೇಸಿಗೆ ಮುಗಿಯುವುದರೊಳಗೆ ಖಾಲಿ ಮಾಡಬೇಕಿತ್ತು. ಬೇರೆ ಬಾಡಿಗೆ ಮನೆ ಸಿಕ್ಕಿರಲಿಲ್ಲ. ಇದು ಕೈತಪ್ಪಿದರೆ ನಮಗೆ ಸೂರಿಲ್ಲ.

ಓದಿ, ಕೆಲಸದಲ್ಲೂ ಇರುವ ಇಬ್ಬರು ಒಂದು ಮನೆ ನೋಡುವುದಕ್ಕಾಗಿ ಫುಟ್‌ಪಾತಿನ ಮೇಲೆ ಸಾಲುಗಟ್ಟಿ ನಿಲ್ಲಬೇಕಾದ ವ್ಯವಸ್ಥೆಯ ಬಗ್ಗೆ ನನಗೆ ಕೋಪವಿದೆ. ಅದು ಇಂದಿಗೂ ಆರಿಲ್ಲ. ಆದರೆ ನಾನು ಶಿಸ್ತಾಗಿ ಕೋಪಿಸಿಕೊಳ್ಳಲು ಹೊರಟಾಗಲೆಲ್ಲ ನಮ್ಮ ಮನೆಯವರಿಂದ ಏನಾದರೊಂದು ನಡೆದುಹೋಗುತ್ತದೆ.

ಯಮನ ದಿಕ್ಕು

ಮೊದಲ ದಿನ ಏಜೆಂಟ್ ಮಹಾಶಯ ಕೋಣೆಯ ನಡುವೆ ನಿಂತು, ಚಿನ್ನದ ಗಣಿ ತೋರಿಸುವವನಂತೆ ಕೈ ಬೀಸಿ, "ಬಾಗಿಲು, ಕಿಟಕಿ, ಎಲ್ಲವೂ ದಕ್ಷಿಣಕ್ಕೆ!" ಎಂದ. ಬಿಸಿಲಿಗಾಗಿ ಬಾಯಿಬಿಡುವ ಈ ದೇಶದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ.

ಅಕ್ಕನ ಫೋನಿನಲ್ಲಿ ಬೆಂಗಳೂರಿನಿಂದ ಇಣುಕುತ್ತಿದ್ದ ಅಮ್ಮ ಚೀರಿದಳು: "ದಕ್ಷಿಣಾನಾ? ಅಯ್ಯೋ, ಯಮನ ದಿಕ್ಕು ಕಣೇ! ಬಾಗಿಲು ಬೇರೆ ಕಡೆಗೆ ತಿರುಗಿಸಕ್ಕಾಗತ್ತಾ ಕೇಳು."

ಚೀರಿದ್ದು ಸಂತೋಷಕ್ಕೆಂದು ತಿಳಿದ ಏಜೆಂಟ್ ಇನ್ನಷ್ಟು ಗಟ್ಟಿಯಾಗಿ, "ಪೂರ್ತಿ ದಕ್ಷಿಣ, ಮೇಡಂ!" ಎಂದು ಫೋನಿಗೇ ಹೇಳಿದ.

ಅಮ್ಮನ ಹಿಂದಿನಿಂದ ಅಪ್ಪನ ದನಿ ಕೇಳಿಸಿತು: "ಸುಮ್ನಿರೇ. ಯಮ ಅಲ್ಲಿಗೆ ಹೋಗಬೇಕು ಅಂದ್ರೂ ವೀಸಾ ಬೇಕು. ನನಗೇ ಇನ್ನೂ ಬಂದಿಲ್ಲ."

ಎರಡು ಎಮರ್ಜೆನ್ಸಿಗಳು

ಮನೆ ತೋರಿಸುವಾಗ ಮಾರುವವರು ಹೊರಗಿರಬೇಕೆಂಬುದು ಇಲ್ಲಿನ ವಾಡಿಕೆ. ಅಜ್ಜಿ ಒಪ್ಪಿರಲಿಲ್ಲ. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ಬಂದವರನ್ನೆಲ್ಲ ನೋಡುತ್ತ ಕೂತಿರುತ್ತಿದ್ದರು. ಎರಡನೆಯ ಸಲ ಹೋದಾಗ ಅಪ್ಪ ವಿಡಿಯೋದಲ್ಲಿ ಕಟ್ಟಡದ ವಯಸ್ಸು ವಿಚಾರಿಸಿದರು.

"ಎಮರ್ಜೆನ್ಸಿಗೆ ಮುಂಚೆ ಕಟ್ಟಿದ್ದು" ಎಂದರು ಅಜ್ಜಿ.

ಮಹಾಯುದ್ಧದಲ್ಲಿ ಐರ್ಲೆಂಡ್ ತಟಸ್ಥವಾಗಿತ್ತು. ಆ ವರ್ಷಗಳಿಗೆ ಇಲ್ಲಿನ ಹಿರಿಯರ ಬಾಯಲ್ಲಿ ಯುದ್ಧವೆಂಬ ಹೆಸರಿಲ್ಲ. ಎಮರ್ಜೆನ್ಸಿ ಎಂದೇ ಹೆಸರು. ಅಪ್ಪನಿಗೆ ಗೊತ್ತಿದ್ದ ಎಮರ್ಜೆನ್ಸಿ ಎಪ್ಪತ್ತೈದರದ್ದು.

"ಹಾಗಾದ್ರೆ ನಮ್ಮ ರಾಜಾಜಿನಗರದ ಮನೆ ಓರಗೆಯದೇ. ಗಟ್ಟಿಯಾಗಿರತ್ತೆ" ಎಂದು ನಮಗೆ ಕನ್ನಡದಲ್ಲಿ ಹೇಳಿ, ಅಜ್ಜಿಯನ್ನು ಇಂಗ್ಲಿಷಿನಲ್ಲಿ ಕೇಳಿದರು: "ಎಮರ್ಜೆನ್ಸಿಯಲ್ಲಿ ನಿಮಗೂ ತೊಂದರೆ ಆಯಿತೇ?"

"ನಾನು ಎಳೆಗೂಸು. ಆದರೆ ಚಹಾ ಸಿಗುತ್ತಿರಲಿಲ್ಲವಂತೆ. ಅಮ್ಮ ಸಾಯುವವರೆಗೂ ಅದನ್ನೇ ಹೇಳುತ್ತಿದ್ದಳು."

"ನಮ್ಮಲ್ಲಿ ಚಹಾ ಸಿಗುತ್ತಿತ್ತು, ಕುಡಿಯಬೇಕಾದವರು ಜೈಲಿನಲ್ಲಿದ್ದರು. ಆದರೂ ಬಸ್ಸು, ರೈಲು ಸರಿಯಾದ ಹೊತ್ತಿಗೆ ಬರುತ್ತಿದ್ದವು ಅನ್ನುತ್ತಾರೆ."

ಅಜ್ಜಿ ಕಿಟಕಿಯಿಂದ ಕೆಳಗೆ, ಸ್ಟಾಪಿನಲ್ಲಿ ಬಹಳ ಹೊತ್ತಿನಿಂದ ಕಾದು ನಿಂತಿದ್ದ ಜನರನ್ನು ನೋಡಿದರು. "ನಿಮ್ಮ ಎಮರ್ಜೆನ್ಸಿಯೇ ವಾಸಿ" ಎಂದರು.

ಅಕ್ಕನ ತಲೆ

ಅಂದು ಮೆಟ್ಟಿಲಿಳಿದು ಬಂದಾಗ ಏಜೆಂಟ್ ಅಕ್ಕನನ್ನು ಕೇಳಿದ: "ಇನ್ನೊಬ್ಬರು ಹೆಚ್ಚಿಗೆ ಹೇಳಿದ್ದಾರೆ. ಅಷ್ಟೇ ಬೆಲೆ ನೀವೂ ಕೊಡ್ತೀರಾ?" ಬಸ್ಸಿನ ಸದ್ದಿನಲ್ಲಿ ಬಾಯಿ ನೋಯಿಸಿಕೊಳ್ಳುವುದೇಕೆಂದು ಅಕ್ಕ ನಮ್ಮ ಕಡೆಯ ರೀತಿಯಲ್ಲಿ, ಅತ್ತಿಂದಿತ್ತ ಚೆನ್ನಾಗಿ ತಲೆ ತೂಗಿದಳು.

"ಛೆ, ಪಾಪ" ಎಂದು ಆತ ಅವಳ ಕೈಕುಲುಕಿ ಹೊರಟುಹೋದ. ಸಂಜೆಯ ಸಂದೇಶ: ನೀವು ಹಿಂದೆ ಸರಿದದ್ದರಿಂದ ಇನ್ನೊಬ್ಬರಿಗೆ ಕೊಡುತ್ತಿದ್ದೇವೆ.

ನಾನು ಸಂದೇಶವನ್ನು ಅಕ್ಕನ ಮುಂದೆ ಹಿಡಿದೆ. "ಅಕ್ಕಾ, ಹೂಂ ಅನ್ನಕ್ಕೆ ಬಾಯಿಲ್ವಾ ನಿನಗೆ? ಬೀದಿಗೆ ಬಿದ್ವಿ. ಇನ್ಮೇಲಾದ್ರೂ ಬಾಯಲ್ಲಿ ಹೇಳ್ತೀಯೋ ಇಲ್ವೋ?"

ಅಕ್ಕ ತಲೆ ತೂಗಿದಳು. ಅದು ಹೌದೋ ಅಲ್ಲವೋ ನನಗೂ ತಿಳಿಯಲಿಲ್ಲ.

ಹೋಗಿಬರ್ತೀನಿ

ಮರುದಿನ ಏಜೆಂಟನಿಂದ ಫೋನು. ದನಿಯಲ್ಲಿ ಸೋಲು. "ಅಜ್ಜಿ ಆ ಇನ್ನೊಬ್ಬರಿಗೆ ಮಾರುವುದಿಲ್ಲವಂತೆ. ನಿಮ್ಮಕ್ಕ ವಾಪಸ್ ಬರ್ತೀನಿ ಅಂದಿದ್ದರಂತೆ. ಕೆಟಲ್ ಇಟ್ಟುಕೊಂಡು ಕಾಯುತ್ತಿದ್ದಾರೆ. ಒಮ್ಮೆ ಬಂದುಬಿಡಿ, ದಮ್ಮಯ್ಯ."

ನಡೆದದ್ದು ಇಷ್ಟು. ಯಾರ ಮನೆಯಿಂದ ಹೊರಟರೂ 'ಹೋಗ್ತೀನಿ' ಎನ್ನಬಾರದೆಂದು ಕಲಿತು ಬೆಳೆದ ಅಕ್ಕ, ಬೀಳ್ಕೊಳ್ಳುವಾಗ ಅಜ್ಜಿಗೆ "ಐ ವಿಲ್ ಗೋ ಆ್ಯಂಡ್ ಕಮ್" ಎಂದಿದ್ದಳು. ಮನೆ ನೋಡಲು ಬಂದವರಲ್ಲಿ ಬೇರೆ ಯಾರೂ ಅಜ್ಜಿಗೆ ಏನನ್ನೂ ಹೇಳಿರಲಿಲ್ಲ.

ಓಡಿದೆವು. ಮೇಜಿನ ಮೇಲೆ ಮೂರು ಕಪ್ಪು. "ತಡವಾಯಿತು" ಎಂದರು ಅಜ್ಜಿ. ಅಕ್ಕ ಈ ಸಲ ಬಾಯಿ ತೆರೆದು, "ಅದೇ ಬೆಲೆಗೆ ನಾವೇ ತಗೋತೀವಿ" ಎಂದಳು. ಫ್ಲಾಟು ನಮ್ಮದಾಯಿತು.

ಬೀಗದ ಕೈ ಕೊಟ್ಟ ದಿನ ಅಜ್ಜಿ ವಾಟರ್‌ಫರ್ಡ್ ಊರಿನಲ್ಲಿರುವ ತಂಗಿಯ ಮಗಳ ಮನೆಗೆ ಹೊರಟರು. ಹೊಸ್ತಿಲಲ್ಲಿ "ಗುಡ್‌ಬೈ" ಎಂದಾಗ ಅಕ್ಕ ಕಣ್ಣೊರೆಸಿಕೊಂಡು, "ಹಾಗನ್ನಬಾರದು. ಹೋಗಿಬರ್ತೀನಿ ಅನ್ನಿ" ಎಂದಳು. ಅಜ್ಜಿ ಮೂರು ಬಾರಿ ಪ್ರಯತ್ನಿಸಿ, ಅಚ್ಚುಕಟ್ಟಾಗಿ "ಹೋಗಿಬರ್ತೀನಿ" ಎಂದರು. ನಮ್ಮ ಹೃದಯ ತುಂಬಿತು.

ಮುಂದಿನ ಶನಿವಾರ ಬೆಲ್ ಆಯಿತು. ಅಜ್ಜಿ, ಜೊತೆಗೆ ಸೂಟ್‌ಕೇಸು. "ವಾಟರ್‌ಫರ್ಡ್ ಚೆನ್ನಾಗಿಯೇ ಇದೆ. ಆದರೆ ಕಿಟಕಿಯಲ್ಲಿ ನೋಡಲು ಏನೂ ಇಲ್ಲ" ಎಂದು ಒಳಗೆ ಬಂದು ಕುರ್ಚಿಯಲ್ಲಿ ಕೂತರು.

ಈಗ ತಿಂಗಳಿಗೊಂದು ವಾರ ಇಲ್ಲಿಯೇ ಇರುತ್ತಾರೆ. ಆ ವಾರವೆಲ್ಲ, ಸ್ವಂತ ಮನೆಯ ಒಡೆಯನಾದ ನಾನು ಸೋಫಾದ ಮೇಲೆ ಮಲಗುತ್ತೇನೆ.

ಪರದೇಶದಲ್ಲಿ ಮನೆ ಕೊಳ್ಳಲು ಹೊರಟ ಕನ್ನಡಿಗರು ನಿಮಗೆ ಗೊತ್ತಿದ್ದರೆ, ದಯವಿಟ್ಟು ಇದನ್ನು ಅವರಿಗೆ ಕಳುಹಿಸಿ. ಮುಖ್ಯವಾಗಿ, ಎರಡು ಮಲಗುವ ಕೋಣೆ ಸಾಕೆಂದುಕೊಂಡವರಿಗೆ.