ಹಿಂದಿನ ಸೀಟಿನಲ್ಲಿ ಭವಿಷ್ಯ

ಹೆಂಡತಿ: ಇಳೀರಿ ಅಂದೆ! ಮಗಳಿಗೆ ನೋವು ಶುರುವಾಗಿದೆ, ನೀವು ಹಿಂದಿನ ಸೀಟಲ್ಲಿ ಕೂತು ಪೇಪರ್ ಓದ್ತಿದ್ದೀರಲ್ಲ!

ಯಜಮಾನರು: ಓದ್ತಿಲ್ಲ ಕಣೇ, ಆಸ್ಪತ್ರೆಗೆ ಹೊರಟು ಕೂತಿದ್ದೀನಿ.

ಹೆಂಡತಿ: ಓಡಿಸೋದು ಯಾರು? ಪೇಪರ್ರಾ?

ರೇಡಿಯೊ ರಿಪೇರಿ ಅಂಗಡಿ ಮುಚ್ಚಿದ ವರ್ಷ ಯಜಮಾನರು ಈ ನೀಲಿ ಕಾರು ಕೊಂಡಿದ್ದರು. ಓಡಿಸಲು ಮಾತ್ರ ಕಲಿಯಲಿಲ್ಲ. ಕಾರುಗಳೆಲ್ಲ ಇಷ್ಟರಲ್ಲೇ ತಾವಾಗಿ ಓಡುತ್ತವೆ, ಇದಕ್ಕೂ ಒಂದು ಪೆಟ್ಟಿಗೆ ಜೋಡಿಸಿದರಾಯಿತು ಎಂಬುದು ಅವರ ನಂಬಿಕೆ. ಅಲ್ಲಿಯವರೆಗೆ ಅಭ್ಯಾಸವಿರಲಿ ಎಂದು, ಊಟವಾದ ಮೇಲೆ ಶೆಡ್ಡಿಗೆ ಬಂದು ಹಿಂದಿನ ಸೀಟಿನಲ್ಲಿ ಒರಗುತ್ತಿದ್ದರು.

ಯಜಮಾನರು: ತಾನಾಗೇ ಓಡೋ ಕಾರು ಇನ್ನೇನು ಬಂದೇ ಬಿಡ್ತು. ಮೊನ್ನೆ ಕನಸಲ್ಲೂ ಓಡ್ತು, ನಮ್ಮ ಕಾರೇ! ನಾನು ಹಿಂದೆ ಮಲಗಿದ್ದೀನಿ, ಅದರ ಪಾಡಿಗೆ ಅದು ತಿರುವಲ್ಲಿ ತಿರುಗ್ತಿದೆ, ಹಂಪ್ ಮೇಲೆ ಕುಪ್ಪಳಿಸ್ತಿದೆ!

ಹೆಂಡತಿ ಯಾಕೋ ಒಮ್ಮೆ ಕೆಮ್ಮಿ, ಫೋನಿನಲ್ಲಿ ಟ್ಯಾಕ್ಸಿ ಹುಡುಕಿ ಬುಕ್ ಮಾಡಿ, ಅದು ಬರುವ ದಾರಿ ನೋಡತೊಡಗಿದಳು.

ಹೆಂಡತಿ: ಊಟದ ಬದಲು ಮಾತ್ರೆ ಬರುತ್ತೆ, ಅಡುಗೆಮನೆ ಯಾಕೆ ಅಂತ ಮದುವೆಯಾದ ಹೊಸದರಲ್ಲಿ ಅಂದಿದ್ರಿ. ಮಾತ್ರೆ ಬಂತು, ಬಿಪಿಗೊಂದು, ಸಕ್ಕರೆಗೊಂದು. ಅಡುಗೆ ತಪ್ಪಿತಾ?

ಯಜಮಾನರು: ನೀನೇನು ಕಮ್ಮಿ? ಮೊಬೈಲ್ ಬಂದಾಗ, ಫೋನ್ ಹೊತ್ಕೊಂಡು ತಿರುಗೋಕೆ ಜನಕ್ಕೇನು ತಲೆ ಕೆಟ್ಟಿದೆಯಾ ಅಂದವಳು ಯಾರು? ಈಗ ಸ್ನಾನಕ್ಕೆ ಹೋದ್ರೂ ಬಕೆಟ್ ಪಕ್ಕ ಅದೇ!

ಹೆಂಡತಿ: ತಲೆ ಕೆಟ್ಟಿದೆಯಾ ಅಂದೆ. ಕೆಡ್ತು ತಾನೆ? ಸರಿಯಾಗೇ ಹೇಳಿದ್ದೆ.

ಅಷ್ಟರಲ್ಲಿ ಯಜಮಾನರ ಫೋನು ಬಡಿದುಕೊಂಡಿತು. ಆಸ್ಪತ್ರೆಯಿಂದ ಅಳಿಯ. ಸ್ಪೀಕರ್ ಹಾಕಿದರು.

ಅಳಿಯ: ಮಾವ, ಹೊರಟ್ರಾ? ಅವಳನ್ನ ಒಳಗೆ ಕರ್ಕೊಂಡು ಹೋದ್ರು.

ಯಜಮಾನರು (ಹೆಂಡತಿಗೆ): ಎಲ್ಲಿಗೆ ಬಂತೇ?

ಹೆಂಡತಿ: ಬರ್ತಾ ಇತ್ತು. ತಿರುವಲ್ಲಿ ಸಿಕ್ಕಿಹಾಕ್ಕೊಂಡಿದೆ.

ಅಳಿಯ: ಸಿಕ್ಕಿಹಾಕ್ಕೊಂಡಿದೆಯಾ? ಅತ್ತೆ, ನಿಮಗ್ಯಾರು ಹೇಳಿದ್ರು? ಡಾಕ್ಟರು ನನಗೇನೂ ಹೇಳ್ಲಿಲ್ವಲ್ಲ!

ಹೆಂಡತಿ: ಫೋನಲ್ಲೇ ಕಾಣ್ತಿದೆಯಲ್ಲ! ಅಯ್ಯೋ, ವಾಪಸ್ ಹೋಗ್ತಿದೆ ರೀ!

ಅಳಿಯ: ವಾಪಸ್ಸಾ!

ಯಜಮಾನರು: ಹೋದ್ರೆ ಹೋಗ್ಲಿ ಬಿಡು, ಬೇರೆ ಬುಕ್ ಮಾಡು.

ಅತ್ತ ಕಡೆ ಏನೋ ಧೊಪ್ಪನೆ ಬಿದ್ದ ಸದ್ದು. "ರೀ, ಎದ್ದೇಳಿ, ಹೆರೋದು ನೀವಲ್ಲ" ಎಂದು ನರ್ಸೊಬ್ಬಳು ಗದರಿದಳು. ಫೋನು ಕಟ್ಟಾಯಿತು.

ಹೆಂಡತಿ ಸೆರಗು ಸಿಕ್ಕಿಸಿ ಮುಂದಿನ ಬಾಗಿಲು ತೆಗೆದು, ಸ್ಟೀರಿಂಗ್ ಹಿಂದೆ ಕೂತಳು.

ಯಜಮಾನರು: ಏಯ್, ಅದು ಡ್ರೈವರ್ ಸೀಟು!

ಹೆಂಡತಿ: ಗೊತ್ತು. ಗೇಟ್ ತೆಗೀರಿ.

ಯಜಮಾನರು: ನಿನಗೆಲ್ಲಿ ಬರುತ್ತೆ?

ಹೆಂಡತಿ: ಕಲಿತಿದ್ದೀನಿ, ಇದೇ ಕಾರಲ್ಲಿ. ಲೈಸೆನ್ಸೂ ಇದೆ. ಡ್ರೈವಿಂಗ್ ಕಲಿಸೋ ಮೇಡಂ ಪಕ್ಕದಲ್ಲಿಲ್ಲದೆ ಓಡಿಸಿಲ್ಲ, ಭಯಕ್ಕೇ ಟ್ಯಾಕ್ಸಿ ಹುಡುಕಿದ್ದು.

ಯಜಮಾನರು: ಸುಳ್ಳು! ಈ ಕಾರು ಶೆಡ್ ಬಿಟ್ಟು ಕದಲಿಲ್ಲ. ಮಧ್ಯಾಹ್ನವೆಲ್ಲ ನಾನೇ ಒಳಗಿರ್ತೀನಲ್ಲ!

ಹೆಂಡತಿ: ಇರ್ತೀರಿ, ಗೊರಕೆ ಹೊಡೀತಾ.

ಯಜಮಾನರು ಹಿಂದಿನ ಸೀಟಿನಿಂದ ದಡಬಡನೆ ಇಳಿದರು.

ಯಜಮಾನರು: ಹಾಗಾದ್ರೆ... ಆ ತಿರುವು? ಆ ಹಂಪು?

ಹೆಂಡತಿ: ಹಂಪು ಕಾಣಲಿಲ್ಲ. ನೀವು ಎದ್ದೇ ಬಿಟ್ರಿ ಅಂತ ಜೀವ ಬಾಯಿಗೆ ಬಂದಿತ್ತು. ನೀವು "ಭೇಷ್, ವಿಜ್ಞಾನ ಎಲ್ಲಿಗೆ ಹೋಯ್ತು!" ಅಂತ ಮಗ್ಗುಲು ಬದಲಾಯಿಸಿದ್ರಿ.

ಗೇಟು ತೆಗೆದು ಬಂದ ಯಜಮಾನರು ಈ ಸಲ ಹಿಂದೆ ಕೂರಲಿಲ್ಲ, ಅವಳ ಪಕ್ಕದಲ್ಲಿ ಕೂತರು. ಕಾರು ಒಮ್ಮೆ ಜಿಗಿದು ನಿಂತಿತು. ಅವಳು ಮತ್ತೆ ಕೀಲಿ ತಿರುಗಿಸಿದಳು.

ಯಜಮಾನರು: ಚಂದ್ರನ ಮೇಲೆ ಮನೆ ಕಟ್ತಾರೆ ಅಂತೆಲ್ಲ ಊಹಿಸಿದೆ. ನೀನು ಕಾರು ಓಡಿಸ್ತೀಯ ಅಂತ ಮಾತ್ರ ಹೊಳೀಲೇ ಇಲ್ಲ ನೋಡು. ಹೆದರ್ಬೇಡ, ನಡಿ.

ಹೆಂಡತಿ: ಮಾತಾಡಿಸ್ಬೇಡಿ, ಬಸ್ ಬರ್ತಿದೆ!

ದಾರಿಯುದ್ದಕ್ಕೂ ಅವಳು ಹಾರ್ನ್ ಹೊಡೆಯುತ್ತಾ, ಎದುರು ಬಂದವರಿಗೆಲ್ಲ ಯಜಮಾನರು ಕಿಟಕಿಯಿಂದ ಕೈಮುಗಿಯುತ್ತಾ, ಇಬ್ಬರೂ ಆಸ್ಪತ್ರೆ ಮುಟ್ಟಿದರು. ಹಣೆಗೆ ಪಟ್ಟಿ ಹಾಕಿಸಿಕೊಂಡ ಅಳಿಯ ಬಾಗಿಲಲ್ಲೇ ನಗುತ್ತಿದ್ದ. ಒಳಗೆ ಮಗಳು ಸುಸ್ತಾಗಿ ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಕೆಂಪಗೆ, ಮುಷ್ಟಿ ಬಿಗಿದ ಮೊಮ್ಮಗಳು.

ಯಜಮಾನರು (ಕಣ್ಣೊರೆಸಿಕೊಂಡು, ಪಿಸುಮಾತಿನಲ್ಲಿ): ಬರೆದಿಟ್ಕೋ. ಇನ್ನು ಸ್ವಲ್ಪ ದಿನದಲ್ಲಿ ಒಂದು ಯಂತ್ರ ಬರುತ್ತೆ. ಮಗು ಅತ್ತರೆ ತಾನೇ ಎತ್ಕೊಳ್ಳುತ್ತೆ, ಒದ್ದೆ ಬಟ್ಟೆ ಬದಲಾಯಿಸುತ್ತೆ, ಕಥೆ ಹೇಳುತ್ತೆ, ನಿದ್ದೆಗೆಟ್ಟು ತೊಟ್ಟಿಲೂ ತೂಗುತ್ತೆ.

ಹೆಂಡತಿ ಮೊಮ್ಮಗಳನ್ನು ಮೆಲ್ಲಗೆ ಎತ್ತಿ ಅವರ ತೋಳಿಗಿಟ್ಟಳು.

ಹೆಂಡತಿ: ಆ ಯಂತ್ರ ಆಗಲೇ ಬಂದಾಯ್ತು ರೀ. ಅದಕ್ಕೆ ಅಜ್ಜ ಅಂತಾರೆ.