ಮುತ್ತಣ್ಣನ ಬೆಳಕಿಲ್ಲದ ಲೈಟು

ಕೋಡಿಯ ಮುತ್ತಣ್ಣ ಒಂದು ಬುಧವಾರ ಬೆಳಿಗ್ಗೆ ಗಂಜಿ ಉಣ್ಣುತ್ತಲೇ ಘೋಷಣೆ ಹೊರಡಿಸಿದ. ಹದಿನೈದು ದಿನದೊಳಗೆ ಒಣಮೀನು ಕಳ್ಳನನ್ನು ಹಿಡಿದು ಅಂಗಳದಲ್ಲಿ ನಿಲ್ಲಿಸದಿದ್ದರೆ ತನ್ನ ಹೆಸರು ಮುತ್ತನೇ ಅಲ್ಲ! ಅವನ ಹೆಂಡತಿ ಬಾಗಿ ಈ ಘೋಷಣೆಗೆ ಕೊಟ್ಟ ಮರ್ಯಾದೆ ಇಷ್ಟೇ, ಎದ್ದು ಉಪ್ಪಿನಕಾಯಿ ಭರಣಿಯ ಬಾಯಿ ಮುಚ್ಚಿದಳು.

ವಿಷಯ ಸಣ್ಣದಲ್ಲ. ಬಾಗಿ ಬಂಗಡೆ ಒಣಗಿಸಿ ಮಾರುವವಳು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಅವಳಿಗೆ ಗಿರಾಕಿಗಳಿದ್ದರು. ಒಂದು ತಿಂಗಳಿಂದ ಸಂಜೆ ಕತ್ತಲು ಕವಿಯುವ ಹೊತ್ತಿಗೆ ಅಂಗಳದ ತುದಿಯ ಬುಟ್ಟಿಯಿಂದ ಎರಡೆರಡೇ ಮೀನು ಮಾಯವಾಗುತ್ತಿದ್ದವು. ಬೆಕ್ಕಾಗಿದ್ದರೆ ಬುಟ್ಟಿ ಮಗುಚಿ ರಂಪ ಮಾಡುತ್ತಿತ್ತು. ಈ ಕಳ್ಳ ಮುಚ್ಚಳ ತೆಗೆದು, ದಪ್ಪದ್ದನ್ನೇ ಆರಿಸಿ, ಮತ್ತೆ ಮುಚ್ಚಳ ಹಾಕಿ ಹೋಗುತ್ತಿದ್ದ. ಸಿಕ್ಕಿದ ದಿನ ಅವನಿಗೆ ಹಳೇ ಚಪ್ಪಲಿಯ ಸೇವೆ ಎಂದು ಬಾಗಿ ಊರಿಗೆಲ್ಲ ಸಾರಿದ್ದಳು.

ಮುತ್ತಣ್ಣ ಕುಂದಾಪುರಕ್ಕೆ ಹೋಗಿ ಕ್ಯಾಮರಾ ತಂದ. ಹಗಲಲ್ಲಿ ಅದು ಕಾಗೆಯ ಉಗುರನ್ನೂ ಬಿಡದೆ ಮೊಬೈಲಿನಲ್ಲಿ ತೋರಿಸಿತು. ಕತ್ತಲಾದ ಮೇಲೆ ಮಾತ್ರ ಮೆಟ್ಟಿಲಿನಾಚೆ ಬರೀ ಮಸಿ. ಅದಕ್ಕೆ ಇನ್‌ಫ್ರಾರೆಡ್ ಲೈಟು ಹಾಕಬೇಕು ಎಂದ ಅಂಗಡಿಯವ. ಅದರ ಬೆಳಕು ಮನುಷ್ಯರ ಕಣ್ಣಿಗೆ ಕಾಣದು, ಕ್ಯಾಮರಾಕ್ಕೆ ಮಾತ್ರ ಹಾಡಹಗಲು. ಮುತ್ತಣ್ಣ ಕುಣಿದುಬಿಡುವುದೊಂದು ಬಾಕಿ. ನಾಲ್ಕೂ ದಿಕ್ಕಿಗೆ ಕಿರಣ ಬೀರುವ ಚಿತ್ರವಿದ್ದ ಅದರ ದೊಡ್ಡ ಪೆಟ್ಟಿಗೆಯನ್ನು ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಕೇಳಿದವರಿಗೂ ಕೇಳದವರಿಗೂ "ಲೈಟು" ಎಂದು ಹೇಳುತ್ತಲೇ ಬಂದ.

ಏಣಿ ಹತ್ತಿ ಹಂಚಿನ ಮಾಡಿನ ಕೆಳಗೆ ಲೈಟು ಕಟ್ಟಿ ಸ್ವಿಚ್ ಹಾಕಿದ. ಬಾಗಿ ಕೆಳಗೆ ಏಣಿ ಹಿಡಿದು ನಿಂತಿದ್ದಳು.

"ಹ್ವಾಯ್, ಅದ್ ಹತ್ಲಿಲ್ಲ ಕಾಣಿ."

"ಹತ್ತಿತ್ತ್. ಹತ್ತಿದ್ದ್ ಕಾಂಬುದಿಲ್ಲ."

"ಕಾಣದಿದ್ರೆ ಹತ್ತಿದ್ದ್ ನಿಮ್ಗೆ ಹ್ಯಾಂಗ್ ಗೊತ್ತಾಯ್ತ್?"

ಮುತ್ತಣ್ಣ ಇಳಿದು ಒಳಗೆ ಹೋಗಿ ಟಾರ್ಚ್ ತಂದು, ಮತ್ತೆ ಏಣಿ ಹತ್ತಿ, ಲೈಟು ಉರಿಯುತ್ತಿದೆಯೋ ಎಂದು ಅದರ ಮುಖಕ್ಕೇ ಟಾರ್ಚ್ ಬಿಟ್ಟು ನೋಡಿದ. ಬಾಗಿ ನಗು ತಡೆಯಲಾರದೆ ಏಣಿ ಬಿಟ್ಟುಬಿಟ್ಟಳು. ದೇವರ ದಯೆ, ಏಣಿ ನಿಂತಿತು.

ಮುಂದಿನ ತಾಪತ್ರಯ ಕರೆಂಟಿನದು. ಕ್ಯಾಮರಾದ ಪುಟ್ಟ ಅಡಾಪ್ಟರಿಗೇ ಮುತ್ತಣ್ಣ ಲೈಟನ್ನೂ ಸಿಕ್ಕಿಸಿದ್ದ. ಹಗಲಿಡೀ ಎಲ್ಲ ಸರಿ. ಕತ್ತಲಾಗುತ್ತಲೇ ಲೈಟು ತಾನಾಗಿ ಹತ್ತಿ ಇದ್ದಬದ್ದ ಕರೆಂಟೆಲ್ಲ ಕುಡಿಯಿತು, ಕ್ಯಾಮರಾ ಕಣ್ಣು ಮುಚ್ಚಿತು. ಬೆಳಗಾದ ಮೇಲೆ ಮತ್ತೆ ಎಚ್ಚರ. ಹಗಲೆಲ್ಲ ಕಾವಲು ಕಾದು ಕಳ್ಳ ಬರುವ ಹೊತ್ತಿಗೆ ಸರಿಯಾಗಿ ಮಲಗುವ ಕಾವಲುಗಾರ! ಆ ಸಂಜೆಯೂ ಎರಡು ಬಂಗಡೆ ಹೋದವು. ಅಂಗಡಿಯವನಿಗೆ ಫೋನ್ ಮಾಡಿದರೆ, ಲೈಟಿಗೆ ಬೇರೆಯೇ ಹನ್ನೆರಡು ವೋಲ್ಟು ಕೊಡಿ ಎಂದ.

ಹನ್ನೆರಡು ವೋಲ್ಟು ಎಲ್ಲಿರುತ್ತದೆಂದು ಕಡಲಿಗೆ ಹೋಗುವವನಿಗೆ ಯಾರಾದರೂ ಹೇಳಿಕೊಡಬೇಕೇ? ಮುತ್ತಣ್ಣನೂ ಸೇರಿ ಹತ್ತು ಜನರ ಪಾಲಿನ ನಾಡದೋಣಿ, ಮೀನಿಲ್ಲದ ಆ ವಾರ ದಡದಲ್ಲಿ ಸುಮ್ಮನೆ ಬಿದ್ದಿತ್ತು. ಅದರ ಬ್ಯಾಟರಿಯನ್ನು ಗೋಣಿಯಲ್ಲಿ ಸುತ್ತಿ ಹೆಗಲಿಗೇರಿಸಿ ತಂದ. ಯಾರನ್ನೂ ಕೇಳಲಿಲ್ಲ, ಎರಡು ದಿನದ ಮಾತು ತಾನೇ ಎಂದುಕೊಂಡ.

ಎಡವಟ್ಟಾದದ್ದು ಇಲ್ಲಿಯೇ. ಕೋಡಿಯ ನಾಡದೋಣಿಯವರಿಗೆ ಲೈಟು ಎಂದರೆ ಮೈ ಉರಿಯುತ್ತದೆ. ಕಡಲಿಗೆ ದೊಡ್ಡ ದೊಡ್ಡ ದೀಪ ಬಿಟ್ಟು ಮೀನನ್ನೆಲ್ಲ ಬಳಿದು ಒಯ್ಯುವ ಲೈಟ್ ಫಿಶಿಂಗಿನವರು ಅವರ ಹೊಟ್ಟೆಗೇ ಹೊಡೆದವರು. ಹಿಂದಿನ ತಿಂಗಳ ಸಭೆಯಲ್ಲಿ, ಲೈಟು ಮುಟ್ಟಿದವನನ್ನು ದೋಣಿಯಿಂದಲೇ ಇಳಿಸಬೇಕು ಎಂದು ಮೇಜು ಗುದ್ದಿದವನು ಬೇರೆ ಯಾರೂ ಅಲ್ಲ, ಈ ಮುತ್ತಣ್ಣನೇ. ಈಗ ಬಸ್ಸಿನವರು ಪೆಟ್ಟಿಗೆ ನೋಡಿದ್ದರು, ಜೊತೆಗಾರ ಯತೀಶ ಗೋಣಿ ನೋಡಿದ್ದ, ದೋಣಿಯಲ್ಲಿ ಬ್ಯಾಟರಿ ಇರಲಿಲ್ಲ. ಮುತ್ತಣ್ಣ ಲೈಟ್ ಫಿಶಿಂಗಿಗೆ ಇಳಿದ ಎಂಬ ಸುದ್ದಿ ಲೈಟ್‌ಹೌಸಿನವರೆಗೆ ಹೋಗುವಾಗ ಒಂದು ಲೈಟು ನಾಲ್ಕಾಗಿತ್ತು. ತಿರುಗಿ ಬರುವಾಗ ಜೊತೆಗೊಂದು ಜನರೇಟರೂ ಇತ್ತು.

ಮರುದಿನ ಸಂಜೆ ಏಳಕ್ಕೆ ದೋಣಿಯ ಮುಖ್ಯಸ್ಥ, ತಾಂಡೇಲ ಚಂದಯ್ಯ, ಯತೀಶನನ್ನೂ ಇನ್ನು ನಾಲ್ವರನ್ನೂ ಕರೆದುಕೊಂಡು ಬಂದರು. ಹದಿನಾರರ ಮುತ್ತನನ್ನು ದೋಣಿಗೆ ಹತ್ತಿಸಿ, ಬಲೆ ಹಿಡಿಯಲು ಕಲಿಸಿದವರು ಅವರೇ.

"ಮುತ್ತಾ, ದೋಣಿ ಬ್ಯಾಟ್ರಿ ಎಲ್ಲಿತ್ತ್?"

ಮುತ್ತಣ್ಣ ಬ್ಯಾಟರಿ ತೋರಿಸಿದ. ಅದಕ್ಕೆ ಸೇರಿದ ಲೈಟನ್ನೂ ತೋರಿಸಬೇಕಾಯಿತು. ಇದು ಬೆಳಕು ಕೊಡದ, ಕ್ಯಾಮರಾಕ್ಕೆ ಮಾತ್ರ ಕಾಣುವ ಲೈಟು ಎಂದು ಅವನು ವಿವರಿಸಿದಷ್ಟೂ ಅವರ ಮುಖ ಬಿಗಿಯಿತು. ಮೂವತ್ತು ವರ್ಷದಿಂದ ಕಡಲಲ್ಲದೆ ಬೇರೆ ಕಸುಬು ಅವನಿಗೆ ಗೊತ್ತಿರಲಿಲ್ಲ. ತಾನೇ ಮಾಡಿಸಿದ ಕಾನೂನಿಗೆ ತಾನೇ ದೋಣಿ ಇಳಿಯಬೇಕಾಗಿ ಬಂದಿತ್ತು.

ಕೊನೆಗೆ, ಒಂದು ಮಾತನ್ನೂ ನಂಬದ ಚಂದಯ್ಯನವರೇ ಪರೀಕ್ಷೆ ಹೇಳಿದರು. ಜಗಲಿಯ ಬಲ್ಬು ಆರಿಸುವುದು, ತಾವು ಕತ್ತಲಲ್ಲಿ ಅಂಗಳದ ತುದಿಗೆ ಹೋಗಿ ನಿಂತು ಬೆರಳು ತೋರಿಸುವುದು. ಎಷ್ಟು ಬೆರಳೆಂದು ಮುತ್ತ ಒಳಗಿನಿಂದ ಹೇಳಿದರೆ ಅವನ ಮಾತು ನಿಜ, ಇಲ್ಲವಾದರೆ ನಾಳೆಯಿಂದ ದೋಣಿಗೆ ಬರುವುದು ಬೇಡ.

ಬಲ್ಬು ಆರಿತು. ಎಲ್ಲರೂ ಮೊಬೈಲಿಗೆ ಮುತ್ತಿಕೊಂಡರು. ಆಹಾ, ಏನು ಚಂದದ ಚಿತ್ರ! ಚಂದಯ್ಯನವರ ಮೀಸೆಯ ಕೂದಲನ್ನೂ ಎಣಿಸಬಹುದಿತ್ತು. ಬಲಗೈ ಮೇಲೆತ್ತಿ ಅವರು ಮೂರು ಬೆರಳು ತೋರಿಸಿದರು. ಮುತ್ತಣ್ಣ ಗೆದ್ದೆನೆಂದು ಬಾಯಿ ತೆರೆದ.

ಅಷ್ಟರಲ್ಲಿ ಅವರ ಎಡಗೈ ತಣ್ಣಗೆ ಬುಟ್ಟಿಯ ಮುಚ್ಚಳ ಸರಿಸಿತು. ಒಂದು ಬಂಗಡೆ ಎತ್ತಿ, ಮೂಗಿಗೆ ಹಿಡಿದು, ಸಣ್ಣದೆಂದು ವಾಪಸ್ ಇಟ್ಟಿತು. ದಪ್ಪದ್ದೆರಡು ಆರಿಸಿ ಪಂಚೆಯ ಮಡಿಕೆಗೆ ಸೇರಿಸಿ ಮುಚ್ಚಳ ಹಾಕಿತು. ಮೇಲಿನ ಮೂರು ಬೆರಳು ಅಲುಗಲೇ ಇಲ್ಲ.

"ಎಷ್ಟ್ ಬೆರ್ಳ್?" ಹೊರಗಿನಿಂದ ಗತ್ತಿನ ದನಿ.

ಒಳಗೆ ಯತೀಶ ಮಾಡಿನ ಹಂಚು ಎಣಿಸತೊಡಗಿದ. ರಕ್ತದೊತ್ತಡವೆಂದು ಚಂದಯ್ಯನವರ ಸೊಸೆ ದಿವ್ಯಾ ಆರು ತಿಂಗಳಿಂದ ಮಾವನ ತಟ್ಟೆಗೆ ಉಪ್ಪು ಬೀಳಗೊಟ್ಟಿಲ್ಲ ಎಂಬುದು ಕೋಡಿಗೆಲ್ಲ ಗೊತ್ತಿತ್ತು. ಕಳ್ಳನಿಗೆಂದು ಚಪ್ಪಲಿ ತೆಗೆದಿಟ್ಟಿದ್ದ ಬಾಗಿಯೇ ಕಣ್ಣು ಒರೆಸಿಕೊಂಡು, "ಪಾಪ, ಬಾಯಿ ಕೆಟ್ಟ್ ಹೋಯಿರ್ಕ್" ಎಂದು ಪಿಸುಗುಟ್ಟಿದಳು. ಮೂರು ಎಂದರೆ ಮುತ್ತಣ್ಣ ಉಳಿಯುತ್ತಾನೆ, ಆದರೆ ಆ ಬಿಳಿ ಮೀಸೆಯ ಮರ್ಯಾದೆ ಅಂಗಳದಲ್ಲೇ ಹೋಗುತ್ತದೆ. ಅವನು ದೋಣಿ ಹೋದರೆ ಹೋಗಲಿ ಎಂದು ಕಣ್ಣು ಮುಚ್ಚಿ ಕೂಗಿದ.

"ಏಳಾ ಅಣ್ಣ?"

"ಒಂದ್ ಕೈಯಗೆ ಏಳ್ ಬೆರ್ಳಾ ಮಾರಾಯಾ?"

ಚಂದಯ್ಯ ಸೊಂಟ ಹಿಡಿದುಕೊಂಡು, ಘಮಘಮಿಸುತ್ತಾ ಒಳಗೆ ಬಂದರು. ಎಲ್ಲರ ಮುಖ ನೋಡಿದರು. ಎಲ್ಲರೂ, ಏನೇನೂ ಕಾಣಲಿಲ್ಲ ಎಂದು ತಲೆಯಾಡಿಸಿದರು. ಅವರು ತೀರ್ಪು ಕೊಟ್ಟರು.

"ಲೈಟ್ ಫಿಶಿಂಗ್ ಮಾಡುಕೆ ತಲೆ ಬೇಕ್. ಇವ್ನಿಗ್ ಅಂಗ್ಡಿಯವ ಉರಿಯದ್ ಲೈಟ್ ಮಾರಿದ್ದ, ಇವ ಅದನ್ನ ಮಾಡಿಗ್ ಕಟ್ಕಂಡ್ ಕೂತಿದ್ದ. ಪಾಪದವ, ಬಿಡಿ. ಮುತ್ತಾ, ಬ್ಯಾಟ್ರಿ ತಕಂಡ್ ಬೆಳಿಗ್ಗೆ ದೋಣಿಗ್ ಬಾ."

ಮರುದಿನ ಬೆಳಿಗ್ಗೆ ದೋಣಿ ನೂಕುವಾಗ, ಹಿಂದಿನ ಸಂಜೆ ಬಾರದಿದ್ದ ಮೂವರು ಮುತ್ತಣ್ಣನ ಮೂಗಿನೆದುರು ಎರಡು ಬೆರಳು ಹಿಡಿದು, ಎಷ್ಟೆಂದು ಕೇಳಿದರು. ಮುತ್ತಣ್ಣ ಹಿಂದೆ ನಿಂತಿದ್ದ ಚಂದಯ್ಯನವರನ್ನೊಮ್ಮೆ ನೋಡಿದ. ಅವರ ಮುಖದಲ್ಲಿ ಹಿಂದಿನ ರಾತ್ರಿ ಹೊಟ್ಟೆ ತುಂಬ ಉಂಡವರ ಕಳೆಯಿತ್ತು.

"ಏಳ್" ಎಂದ ಮುತ್ತಣ್ಣ.

ಎಲ್ಲರಿಗಿಂತ ಜೋರಾಗಿ ನಕ್ಕವರು ಚಂದಯ್ಯನವರೇ.