ನಮ್ಮ ಭಾವನ ಕಲ್ಲಾಮೆ

ನನ್ನಕ್ಕನಿಗೆ ಒಬ್ಬಳು ಸವತಿ ಇದ್ದಳು. ಅವಳಿಗೆ ಮೈ ಇರಲಿಲ್ಲ, ಬರೀ ತಲೆ! ಅದೂ ಆಮೆಯ ತಲೆ! ಇದು ನಾನು ಹೊಟ್ಟೆಯುರಿಗೆ ಕಟ್ಟಿದ ಮಾತಲ್ಲ. ಆ ಕಾಲಕ್ಕೆ ಶಿಗ್ಗಾಂವದಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು.

ಅಕ್ಕನ ಗಂಡ, ಅಂದರೆ ನಮ್ಮ ಭಾವ, ಹಿರೇಕೆರೂರಿನಲ್ಲಿ ಮಾಸ್ತರು, ಮನೆ ಮಾತ್ರ ಶಿಗ್ಗಾಂವದಲ್ಲೇ. ಕನ್ಯೆ ನೋಡಲು ಬಂದ ದಿನವೇ ನಮಗೆ ಸಂಶಯ ಬರಬೇಕಿತ್ತು. ಅವಲಕ್ಕಿ ತಿಂದು ಕೈತೊಳೆದವರೇ ಅಕ್ಕನ ಕಣತಲೆ ದಿಟ್ಟಿಸಿ, "ಒಂದೀಟು ಹಲ್ಲು ಕಚ್ಚಿ ಹಿಡೀರಿ, ನೋಡೂಣು" ಎಂದರು.

ಅಪ್ಪ ಕೆಂಡವಾದ. "ಎತ್ತು ಕೊಳ್ಳಾಕ ಬಂದೀರೇನ್ರಿ?"

"ಹಂಗಲ್ರಿ ಮಾವಾರ, ಹಲ್ಲು ಕಚ್ಚಿದ್ರ ಅಲ್ಲಿ ಸ್ನಾಯು ಉಬ್ಬತೈತಿ. ಹಲ್ಲಿ, ಮೊಸಳಿಗೆಲ್ಲಾ ಆ ಸ್ನಾಯುವಿಗಂತ ಕಣ್ಣಿನ ಹಿಂದ ಬುರುಡ್ಯಾಗ ಕಿಂಡಿ ಇರತಾವು. ಆಮಿಗೆ ಒಂದೂ ಇಲ್ಲ!"

ಮದುವೆ ನಿಶ್ಚಯವೇ ಆಗಿರಲಿಲ್ಲ, ಆಗಲೇ ಮಾವ!

ಆಮೆಗೆ ಆ ಕಿಂಡಿ ಎಂದೂ ಇರಲೇ ಇಲ್ಲ, ಅದು ಬೇರೆಯೇ ಹಳೆಯ ಕುಲ ಎಂದು ಪುಸ್ತಕಗಳು ಹೇಳುತ್ತಿದ್ದವಂತೆ. ಇಲ್ಲ, ಕಿಂಡಿಗಳು ಇದ್ದವು, ಆಮೇಲೆ ಮುಚ್ಚಿಕೊಂಡವು, ಆಮೆಯೂ ಹಲ್ಲಿ ಮೊಸಳೆಗಳ ದಾಯಾದಿಯೇ ಎಂದು ಭಾವನ ಹಟ. ಮುಚ್ಚಿದ್ದು ಯಾವಾಗ? ಕೋಟ್ಯಂತರ ವರ್ಷಗಳ ಹಿಂದೆ! ಆ ತಕರಾರಿಗೆ ನನ್ನಕ್ಕನ ಬಾಳು ಯಾಕೆ ಹಾಳಾಗಬೇಕು, ಹೇಳಿ?

ರಜೆ ಸಿಕ್ಕರೆ ಮಾಸೂರಿನ ಮದಗದ ಕೆರೆಗೆ ಓಡುವುದು, ದಂಡೆಯಲ್ಲಿ ಸತ್ತುಬಿದ್ದ ಆಮೆಗಳ ತಲೆ ತಂದು ಬುರುಡೆ ಬಿಡಿಸಲು ಹಿತ್ತಲಲ್ಲಿ ಕುದಿಸುವುದು. ದಿನವೂ ಲಿಂಗಪೂಜೆ ನಡೆಯುವ ಮನೆ ಅದು! ಓಣಿಯ ಹೆಂಗಸರು ಅಕ್ಕನ ಕೈಯ ಮಜ್ಜಿಗೆ ಮುಟ್ಟುವುದನ್ನು ಬಿಟ್ಟರು. ಬಸುರಿಯರ ಕುಬಸಕ್ಕೆ, ಕೂಸಿನ ತೊಟ್ಟಿಲಿಗೆ ಕರೆಯುವುದನ್ನೂ ಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

"ಭಾವ, ಇದನ್ನ ಬಿಡ್ರಿ. ಇಲ್ಲಾ ಅಕ್ಕನ್ನ ನಮ್ಮನಿಗೆ ಕಳಸ್ರಿ" ಎಂದು ಜಗಳ ತೆಗೆದೆ.

"ಹೊಸಾ ಬುರುಡ್ಯಾಗ ತಿಳಿಯೂದಿಲ್ಲೋ ತಮ್ಮಾ, ಹಳೇದು ಬೇಕು" ಎಂದರು! ಇಂಥವರ ಹತ್ತಿರ ಏನು ಜಗಳವಾಡುತ್ತೀರಿ?

ಹಳೆಯದೂ ಬಂತು. ಪುಣೆಯಲ್ಲಿದ್ದ ಅವರ ಗುರುಗಳು ಸಾಯುವ ಮುಂಚೆ ಕೊಟ್ಟದ್ದು, ಯುಗಗಳ ಹಿಂದೆಯೇ ಕಲ್ಲಾಗಿಹೋದ ಆಮೆಬುರುಡೆ. ಎಲುಬಿಗೆ ಎಲುಬು ಕೂಡುವ ಗೆರೆಗಳು ಅದರ ಮೇಲೆ ಕೂದಲೆಳೆಯಷ್ಟು ಸಣ್ಣಗೆ ಕಾಣುತ್ತಿದ್ದವು.

"ಯಾವ ಎಲುಬು ಬೆಳದು ಕಿಂಡಿ ಮುಚ್ಚೇತಿ ಅನ್ನೂದು ಈ ಗೆರಿಯಾಗೈತಿ. ನನ್ನ ಮಾತು ನಿಲ್ಲೂದು ಇದೊಂದರ ಮ್ಯಾಲ" ಎಂದರು ಭಾವ.

ಅಕ್ಕ ಮುಟ್ಟಿ ನೋಡಿದಳು. ಎಲುಬಲ್ಲ, ಕಲ್ಲು! ಗುಡಿಯಲ್ಲಿ ಬಸವಣ್ಣನ ಮುಂದೆ ನೆಲದಲ್ಲಿ ಕಲ್ಲಾಮೆ ಇರುವುದಿಲ್ಲವೇ? ಇದೂ ಅದೇ ಎಂದು ದೇವರ ಜಗಲಿಯ ಮೇಲೆ ಇಟ್ಟಳು. ಅಲ್ಲಿದ್ದರೆ ಯಾರೂ ಮುಟ್ಟುವುದಿಲ್ಲವೆಂದು ಭಾವ ನಿಶ್ಚಿಂತೆಯಿಂದ ಹಿರೇಕೆರೂರಿಗೆ ಹೋದರು.

ಅದನ್ನು ನೋಡಲು ಪುಣೆಯಿಂದ ಒಬ್ಬ ಪಂಡಿತರು ಬರಬೇಕಿತ್ತು, ಧಾರವಾಡದ ಕಡೆಯವರೇ. ಆಗ ನಡೆದಿದ್ದ ಯುದ್ಧದ ಗದ್ದಲದಲ್ಲಿ ಬಹಳ ತಡವಾಯಿತು. ಅಲ್ಲಿಯವರೆಗೆ ಭಾವನೂ ಅದನ್ನು ಜಗಲಿಯಿಂದ ಇಳಿಸಿ ನೋಡಿರಲಿಲ್ಲ. ಕಡೆಗೂ ಭಾವ ಅವರನ್ನು ಕರೆತಂದು ಪಡಸಾಲೆಯಲ್ಲಿ ಕೂಡಿಸಿ ದೇವರ ಮನೆಗೆ ಬಂದರು. ನಾನೂ ಅಲ್ಲೇ ಇದ್ದೆ. ಬುರುಡೆ ಥಳಥಳ ಹೊಳೆಯುತ್ತಿತ್ತು. ಸೋಮವಾರ ಬಂದರೆ ಅಕ್ಕ ಅದಕ್ಕೆ ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆಯುತ್ತ ಬಂದಿದ್ದಳು. ಒಂದು ಗೆರೆಯೂ ಉಳಿದಿರಲಿಲ್ಲ.

"ಹೆಂಗ ಬೆಳಗೇನಿ ನೋಡ್ರಿ!" ಎಂದಳು ಅಕ್ಕ. "ದೊಡ್ಡ ಮಂದಿ ನಿಮ್ಮ ಮಾತು ಒಪ್ಪಲಿ ಅಂತ ಬೇಡಿಕೊಂಡೇನಿ."

ಭಾವ ಈಗ ಕೈ ಎತ್ತಿದರೆ ನಾನೂ ಬಿಡುವುದಿಲ್ಲವೆಂದು ತೋಳೇರಿಸಿ ನಿಂತೆ. ಅವರು ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪಡಸಾಲೆಗೆ ನಡೆದರು. ನಾನು ಹಿಂದೆಯೇ ಹೋದೆ.

ಪಂಡಿತರು ತಿರುವಿ ತಿರುವಿ ನೋಡಿದರು. "ಇದರಾಗ ಏನೂ ಇಲ್ಲಲ್ರೀ ಮಾಸ್ತರ! ಇದಕ್ಕ ನನ್ನ ಇಲ್ಲೀತನಕ ಕರಸಿದ್ರೇನು?"

"ಸ್ವಚ್ಛ ಮಾಡಾಕ ಹೋಗಿ ನಾನ ಕೆಡಸಿದೆರಿ" ಎಂದರು ಭಾವ.

ಪಂಡಿತರು ನಕ್ಕು, ಚಹಾಕ್ಕೂ ನಿಲ್ಲದೆ ಬಸ್ಸು ಹಿಡಿಯಲು ಹೊರಟರು. ಒಲೆಯ ಮುಂದಿದ್ದ ಅಕ್ಕನಿಗೆ ಇದೊಂದೂ ಕೇಳಿಸಿರಲಿಲ್ಲ. ಸೆರಗಿಗೆ ಕೈ ಒರೆಸುತ್ತ ಬಂದು, "ಏನಂದ್ರು?" ಎಂದು ಕೇಳಿದಳು.

"ಒಪ್ಪಿದ್ರು" ಎಂದರು ಭಾವ.

ಅಕ್ಕ ಅವತ್ತು ಸಂಭ್ರಮಕ್ಕೆ ಬೆಲ್ಲ ಹಾಕಿ ಗೋದಿ ಹುಗ್ಗಿ ಮಾಡಿದಳು. ಭಾವ ಎರಡು ಸಲ ಹಾಕಿಸಿಕೊಂಡು ಉಂಡರು. ಆ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಅಳು ತಡೆಯಲಾರದೆ ತಾಟು ಬಿಟ್ಟು ಹಿತ್ತಲಿಗೆ ಎದ್ದುಹೋದೆ.